ಪಾತರಗಿತ್ತಿಯ ಕುಲನಿರ್ಣಯ

ತರ್ಕಶಾಸ್ತ್ರಕ್ಕೆ ಹೊಸದಾಗಿ ಕಾಲಿಟ್ಟ ಬಾಲಕನನ್ನು ಗುರುಗಳು ಕೇಳುವ ಪ್ರಶ್ನೆಗಳಲ್ಲಿ 'ಗೋವೆಂದರೆ ಯಾವುದು?' ಎಂಬುದೊಂದು. ಕೊಂಬುಳ್ಳದ್ದು ಗೋವು ಎಂದು ಬಾಲಕನು ಥಟ್ಟನೆ ಉತ್ತರ ಕೊಡುವನು. ಹಾಗಾದರೆ ಎಮ್ಮೆಯೂ ಗೋವಾಗಬೇಕಾಯಿತು. ಇದು ಅತಿವ್ಯಾಪ್ತಿಯೆಂಬ ದೋಷ. ಕಪಿಲವರ್ಣದ್ದು ಗೋವು ಎಂದರೆ ಬಿಳಿಯ ಹಸುವು ಹೊರಗುಳಿಯಿತು, ಇದು ಅವ್ಯಾಪ್ತಿ. ಒಂಟಿಗೊರಸುಳ್ಳದ್ದು ಗೋವು ಎಂದರೆ ಅಂಥ ಗೋವು ಲೋಕದಲ್ಲಿಯೇ ಇಲ್ಲ, ಇದು ಅಸಂಭವ. ಕಡೆಗೆ ಕೊರಳ ಕೆಳಗೆ ಜೋಲುವ ಗಂಗೆದೊಗಲುಳ್ಳದ್ದು ಗೋವು ಎಂಬಲ್ಲಿಗೆ ಪಾಠವು ಬಂದು ನಿಲ್ಲುವುದು. ಹಸುವನ್ನು ಎಮ್ಮೆಯೆಂದು ಭ್ರಮಿಸಿದವರು ಹಳ್ಳಿಯಲ್ಲಿ ಒಬ್ಬರೂ ಇಲ್ಲದಿರುವಾಗ ಈ ಲಕ್ಷಣವಿಚಾರವೆಲ್ಲ ಬರಿಯ ವಾಗ್ವಿನೋದವೆಂದು ಆ ಬಾಲಕನಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ರೂಪದಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲದ ಎರಡು ಜೀವಿಗಳು ಎದುರಿಗೆ ಬಂದು, ಇವು ಒಂದೇ ಜಾತಿಯೋ ಎರಡೋ ಎಂದು ನಿರ್ಣಯಿಸಬೇಕಾಗಿ ಬಂದಾಗ, ಪಾಠಶಾಲೆಯ ಆ ಮೂರು ದೋಷಗಳೇ ದೊಡ್ಡ ದೊಡ್ಡ ಪಂಡಿತರನ್ನೂ ಕಾಡತೊಡಗುವುವು. ಚಿಟ್ಟೆಗಳ ಶಾಸ್ತ್ರದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ.

ಯೂರೋಪಿನಲ್ಲಿ ಬೆಳ್ಳಗಿನ ಒಂದು ಪುಟ್ಟ ಚಿಟ್ಟೆಯುಂಟು. ಕಾಡಿನ ಅಂಚಿನಲ್ಲಿಯೂ ಹುಲ್ಲುಗಾವಲಿನಲ್ಲಿಯೂ ನೆಲದಿಂದ ಹೆಚ್ಚು ಮೇಲೇಳದೆ, ಗಾಳಿಗೆ ಸಿಕ್ಕಿದ ಕಾಗದದ ಚೂರಿನಂತೆ ಮೆಲ್ಲಮೆಲ್ಲನೆ ಹಾರುತ್ತದೆ. ಸ್ವೀಡನ್ ದೇಶದ ಲಿನ್ನೇಯಸ್ ಎಂಬ ಪಂಡಿತನು 1758ರಲ್ಲಿ ಇದಕ್ಕೆ 'ಸಿನಾಪಿಸ್' ಎಂದು ನಾಮಕರಣ ಮಾಡಿದನು. ಆ ಶಬ್ದಕ್ಕೆ ಸಾಸಿವೆಯೆಂದು ಅರ್ಥ. ಸ್ವಾರಸ್ಯವೇನೆಂದರೆ ಇದರ ಮರಿಹುಳುಗಳು ಸಾಸಿವೆಯ ಗಿಡವನ್ನು ಮುಟ್ಟುವುದಿಲ್ಲ. ಬಟಾಣಿಯ ಕುಲಕ್ಕೆ ಸೇರಿದ ಕಾಡುಬಳ್ಳಿಗಳ ಎಲೆಯನ್ನು ತಿಂದು ಬೆಳೆಯುತ್ತವೆ. ನಾಮವು ಅನ್ವರ್ಥವಾಗಿರಲೇಬೇಕೆಂಬ ನಿಯಮವಿಲ್ಲವಷ್ಟೆ! ಅಂತೂ ಇನ್ನೂರು ವರ್ಷಗಳವರೆಗೆ ಈ ಹೆಸರು ನಿರಾತಂಕವಾಗಿ ನಡೆದುಬಂದಿತು. ಅನೇಕರು ಹಿಡಿದರು, ಸೂಜಿ ಚುಚ್ಚಿ ಪೆಟ್ಟಿಗೆಗಳಲ್ಲಿ ಇಟ್ಟರು, ಕೆಳಗೆ ಚೀಟಿಯನ್ನು ಅಂಟಿಸಿದರು.

1962ರಲ್ಲಿ ಪಿಯೆರ್ ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸರು ಪಿರೆನೀಸ್ ಪರ್ವತಗಳ ಪೂರ್ವಭಾಗದಲ್ಲಿ ಈ ಚಿಟ್ಟೆಯಲ್ಲಿ ಎರಡು ಬಗೆಗಳಿರುವಂತೆ ತೋರುತ್ತದೆಂದು ಬರೆದರು. ರೆಕ್ಕೆಯನ್ನು ನೋಡಿ ಭೇದವನ್ನು ಹೇಳುವುದು ಕಷ್ಟ. ಉದರದ ತುದಿಯನ್ನು ಬಿಡಿಸಿ ಜನನಾಂಗಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದರೆ, ಒಂದು ಬಗೆಯಲ್ಲಿ ಅವು ಉದ್ದ, ಇನ್ನೊಂದರಲ್ಲಿ ಗಿಡ್ಡ. ಹೊಸ ಬಗೆಯನ್ನು ಬೇರೆ ಜಾತಿಯೆಂದು ಸಾರಿ ಅವರು 1988ರಲ್ಲಿ ಇಟ್ಟ ಹೆಸರು ಆ ಮೊದಲೇ ಬೇರೆ ಚಿಟ್ಟೆಗೆ ಸಂದುಹೋಗಿದ್ದುದರಿಂದ ಶಾಸ್ತ್ರನಿಯಮದಂತೆ ಅದು ನಿಲ್ಲಲಿಲ್ಲ. ರೈಸಿಂಗರ್ ಎಂಬವರು ರೆಯಾಲರ ಹೆಸರನ್ನೇ ಅದಕ್ಕೆ ಇಟ್ಟು 'ರಿಯಾಲಿ' ಎಂದು ಕರೆದರು. ಇಂತು ಒಂದು ಎರಡಾಯಿತು. ಗಂಗೆದೊಗಲಿನಂಥ ನಿರ್ದುಷ್ಟ ಲಕ್ಷಣವೊಂದು ದೊರೆಯಿತೆಂದು ಎಲ್ಲರೂ ಸಮಾಧಾನಪಟ್ಟರು. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆರೆದು, ಒಣಗಿದ ಚಿಟ್ಟೆಗಳನ್ನು ಮತ್ತೆ ಅಳೆದು, ಚೀಟಿಗಳನ್ನು ಬದಲಾಯಿಸುವ ಕಾರ್ಯವು ನಡೆಯಿತು. ಐರ್ಲೆಂಡಿನಲ್ಲಿಯೂ ರಿಯಾಲಿಯು ಇದೆಯೆಂದು 2001ರಲ್ಲಿ ಪ್ರಕಟವಾಯಿತು.

ಇಷ್ಟರಲ್ಲಿ ಇನ್ನೊಂದು ಪ್ರಮಾಣವು ಸಭೆಗೆ ಬಂದಿತ್ತು. ಅದೇ ವಂಶವಾಹಿಯ ಪ್ರಮಾಣ. ಹಳೆಯ ಓಲೆಗರಿಗಳ ಪಾಠಪರಿಷ್ಕರಣವನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. ಮೂಲಪ್ರತಿಯೊಂದರಿಂದ ಇಬ್ಬರು ಲಿಪಿಕಾರರು ನಕಲು ಮಾಡುವರು. ಒಬ್ಬನು ಒಂದೆಡೆ ಅಕ್ಷರ ತಪ್ಪುವನು, ಮತ್ತೊಬ್ಬನು ಇನ್ನೊಂದೆಡೆ. ಮುಂದೆ ಆ ನಕಲುಗಳಿಂದ ನಕಲು ಮಾಡುವವರು ಹಿಂದಿನ ತಪ್ಪುಗಳನ್ನು ಹಾಗೆಯೇ ಉಳಿಸಿಕೊಂಡು ತಮ್ಮವನ್ನೂ ಕೂಡಿಸುವರು. ನೂರಾರು ವರ್ಷಗಳ ಮೇಲೆ ಒಬ್ಬ ಪಂಡಿತನು ಇಪ್ಪತ್ತು ಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತರೆ, ಒಂದೇ ತಪ್ಪು ಯಾವ ಯಾವ ಪ್ರತಿಗಳಲ್ಲಿ ಕಾಣುವುದೆಂದು ನೋಡಿಯೇ ಇವು ಒಂದು ಶಾಖೆಗೆ ಸೇರಿದವು, ಇವು ಬೇರೊಂದು ಶಾಖೆಗೆ ಸೇರಿದವು ಎಂದು ವಂಶವೃಕ್ಷವನ್ನು ಬರೆಯಬಲ್ಲನು. ಅಕ್ಷರದ ದುಂಡಗಾಗಲಿ ಹಲಗೆಯ ಬಣ್ಣವಾಗಲಿ ಅವನಿಗೆ ಬೇಕಿಲ್ಲ.

ಜೀವಿಗಳ ಕಣಕಣದಲ್ಲಿಯೂ ಇಂಥದೊಂದು ಗ್ರಂಥವಿದೆ. ಡಿಎನ್‌ಎ ಎಂದು ಅದರ ಹೆಸರು. ಅದರ ವರ್ಣಮಾಲೆಯಲ್ಲಿ ಇರುವುವು ನಾಲ್ಕೇ ಅಕ್ಷರಗಳು. ತಂದೆತಾಯಿಯರಿಂದ ಮಕ್ಕಳಿಗೆ ನಕಲಾಗುತ್ತ ಹೋಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರವು ತಪ್ಪುತ್ತದೆ. ಎರಡು ಕುಲಗಳು ಅಗಲಿ ಬಹುಕಾಲವಾಗಿದ್ದರೆ ಭೇದಗಳು ಬಹಳ. ಈಚೆಗೆ ಅಗಲಿದ್ದರೆ ಕೆಲವೇ. ಕೆನಡ ದೇಶದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟರೂ ಅವರ ಸಂಗಡಿಗರೂ 2003ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಇಡೀ ಗ್ರಂಥವನ್ನು ಓದುವ ಗೋಜಿಲ್ಲದೆ, ಪ್ರಾಣಿಗಳೆಲ್ಲದರಲ್ಲಿಯೂ ಇರುವ ಒಂದು ಚಿಕ್ಕ ಪ್ರಕರಣವನ್ನು, ಸುಮಾರು 650 ಅಕ್ಷರಗಳಷ್ಟನ್ನು ಓದಿ ಹೋಲಿಸಿದರೆ ಯಾವ ಜಾತಿಯೆಂದು ಗೊತ್ತುಮಾಡಬಹುದೆಂಬುದೇ ಆ ಸಲಹೆ. ಅಂಗಡಿಯ ಸಾಮಾನಿನ ಮೇಲೆ ಅಚ್ಚಾಗಿರುವ ಗೆರೆಗಳ ಗುರುತಿಗೆ ಹೋಲಿಸಿ ಇದನ್ನು ಅವರು ಡಿಎನ್‌ಎ ಬಾರ್‌ಕೋಡ್ ಎಂದು ಕರೆದರು. ಚಿಟ್ಟೆಯ ಒಂದು ಕಾಲಿದ್ದರೆ ಸಾಕು. ಉಳಿದ ದೇಹವು ಪೆಟ್ಟಿಗೆಯಲ್ಲಿ ಹಾಗೆಯೇ ಇರಬಹುದು.

2011ರಲ್ಲಿ ಡಿಂಕ, ಲುಖ್ತಾನೋವ್, ತಲವೇರಾ, ವಿಲಾ ಎಂಬ ನಾಲ್ವರು ವಿದ್ವಾಂಸರು ಆ ಬಿಳಿಯ ಚಿಟ್ಟೆಗಳ ಗ್ರಂಥವನ್ನು ಓದಿದರು. ಒಂದೇ ಪ್ರಕರಣವನ್ನು ನೆಚ್ಚದೆ, ತಾಯಿಯ ಕಡೆಯಿಂದ ಮಾತ್ರ ಬರುವ ಭಾಗವನ್ನೂ ಇಬ್ಬರ ಕಡೆಯಿಂದಲೂ ಬರುವ ಭಾಗಗಳನ್ನೂ ಓದಿದರು, ವರ್ಣತಂತುಗಳನ್ನೂ ಎಣಿಸಿದರು, ಜನನಾಂಗಗಳನ್ನೂ ಅಳೆದರು. ಎರಡೆಂದು ನಂಬಿದ್ದುದು ಮೂರೆಂದು ತಿಳಿದುಬಂದಿತು. ಸಿನಾಪಿಸ್ ಸರಿ, ಒಂದು. ಉದ್ದನೆಯ ಜನನಾಂಗವುಳ್ಳುದೆಂದು ರಿಯಾಲಿಯ ಲೆಕ್ಕಕ್ಕೆ ಸೇರಿಸಿದ್ದರಲ್ಲವೆ, ಅದರಲ್ಲಿ ಎರಡು ಕುಲಗಳಿದ್ದುವು. ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿಗಳಲ್ಲಿರುವುದು ನಿಜವಾದ ರಿಯಾಲಿ. ಐರ್ಲೆಂಡಿನಿಂದ ಮಧ್ಯ ಏಷ್ಯದ ಕಜಾಕಸ್ತಾನದವರೆಗೆ ಹರಡಿರುವುದು ಬೇರೊಂದು. ಈ ಎರಡಕ್ಕೂ ಜನನಾಂಗದ ಅಳತೆಯಲ್ಲಿ ಭೇದವನ್ನು ಕಾಣಲಾಗದು. ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಅಂಗದಲ್ಲಿ ಅವಳಿಗಳಂತಿರುವ ಇವೆರಡೂ ವಂಶದಲ್ಲಿ ದೂರ. ರಿಯಾಲಿಗೆ ಹತ್ತಿರದ ದಾಯಾದಿಯೆಂದರೆ ಅಂಗದಲ್ಲಿ ಬೇರೆಯಾಗಿರುವ ಸಿನಾಪಿಸ್ಸೇ ಆಗಿದೆ. ಐವತ್ತು ವರ್ಷ ನಂಬಿದ್ದ ಗಂಗೆದೊಗಲಿಗೆ ಅತಿವ್ಯಾಪ್ತಿಯ ದೋಷವು ತಗುಲಿತು.

ಮೂರನೆಯದಕ್ಕೆ ಹೆಸರಿಡಬೇಕಾಗಿ ಬಂದಾಗ ಹೊಸದನ್ನು ಹುಡುಕುವ ಶ್ರಮವಿರಲಿಲ್ಲ. ವಿಲಿಯಮ್ಸ್ ಎಂಬವರು 1946ರಲ್ಲಿಯೇ ಐರ್ಲೆಂಡಿನ ಚಿಟ್ಟೆಯನ್ನು ಸಿನಾಪಿಸ್ಸಿನ ಒಂದು ಒಳಭೇದವೆಂದು ಎಣಿಸಿ, ಆ ದ್ವೀಪದ ಹಳೆಯ ಲ್ಯಾಟಿನ್ ಹೆಸರಿನಿಂದ 'ಜುವೆರ್ನಿಕ' ಎಂದು ಕರೆದಿದ್ದರು. ಆ ಹೆಸರು ಅರುವತ್ತೈದು ವರ್ಷ ಮೂಲೆಯಲ್ಲಿದ್ದು ಈಗ ಪೀಠವೇರಿತು. ಐರ್ಲೆಂಡಿನ ಚಿಟ್ಟೆಯ ಪಾಡನ್ನಾದರೂ ನೋಡಿರಿ: 2001ರವರೆಗೆ ಸಿನಾಪಿಸ್, ಅನಂತರ ಹತ್ತು ವರ್ಷ ರಿಯಾಲಿ, ಅಲ್ಲಿಂದ ಮುಂದೆ ಜುವೆರ್ನಿಕ. ಹಾರುವ ಚಿಟ್ಟೆಯು ಮಾತ್ರ ಅದೇ ಬಳ್ಳಿಯ ಮೇಲೆ ಅದೇ ರೀತಿ ಮೊಟ್ಟೆಯಿಡುತ್ತಿತ್ತು.

ಮನುಷ್ಯರು ಇಷ್ಟು ಕಷ್ಟಪಟ್ಟು ಕಂಡುಹಿಡಿದ ಭೇದವು ಚಿಟ್ಟೆಗಳಿಗೆ ತಿಳಿದಿದೆಯೆ? ಸ್ವೀಡನ್ನಿನ ವಿದ್ವಾಂಸರು ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದಾರೆ. ಈ ಚಿಟ್ಟೆಗಳ ಪ್ರಣಯವು ನೋಡತಕ್ಕದ್ದು. ಗಂಡು ಹೆಣ್ಣಿನ ಎದುರಿಗೆ ಮುಖಾಮುಖಿಯಾಗಿ ಕುಳಿತು, ಸುರುಳಿ ಸುತ್ತಿದ ಹೀರುಗೊಳವೆಯನ್ನು ನೀಳವಾಗಿ ಚಾಚಿ, ಹೆಣ್ಣಿನ ತಲೆಯ ಎಡಕ್ಕೂ ಬಲಕ್ಕೂ ಚಾಮರದಂತೆ ಬೀಸುತ್ತದೆ. ಗಂಡಿಗೆ ವಿವೇಕವು ಸಾಲದು. ಬೇರೆ ಜಾತಿಯ ಹೆಣ್ಣಿನ ಮುಂದೆಯೂ ಅಷ್ಟೇ ಶ್ರದ್ಧೆಯಿಂದ ಬಹಳ ಹೊತ್ತು ಬೀಸುತ್ತ ಕುಳಿತಿರುತ್ತದೆ. ಹೆಣ್ಣು ಮಾತ್ರ ತನ್ನ ಜಾತಿಯವನಿಗಲ್ಲದೆ ಒಲಿಯುವುದಿಲ್ಲ. ಸಿನಾಪಿಸ್ಸನ್ನೂ ಜುವೆರ್ನಿಕವನ್ನೂ ಬೇರೆಬೇರೆಯಾಗಿ ಉಳಿಸಿರುವುದು ಈ ಹೆಣ್ಣುಗಳ ನಿರಾಕರಣವೇ ಸರಿ. ಕುಲನಿರ್ಣಯದಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣವು ಯಾವುದಿದ್ದೀತು? ವಂಶವಾಹಿಯು ಹೇಳಿದ ಮಾತನ್ನು ಇದು ಸಮರ್ಥಿಸಿತೇ ಹೊರತು ಅದರ ಸ್ಥಾನವನ್ನು ಕಸಿಯಲಿಲ್ಲ, ಬಿಟ್ಟುಕೊಡಲೂ ಇಲ್ಲ.

ಇದೆಲ್ಲ ಸರಿಯೇ, ಒಂದಾದರೇನು ಮೂರಾದರೇನು, ಚಿಟ್ಟೆ ಚಿಟ್ಟೆಯೇ ಅಲ್ಲವೆ ಎಂದು ಕೆಲವರು ಕೇಳಬಹುದು. ಐರ್ಲೆಂಡಿನ ಪಶ್ಚಿಮದಲ್ಲಿ ಬರೆನ್ ಎಂಬ ಸುಣ್ಣಕಲ್ಲಿನ ಪ್ರದೇಶವಿದೆ. ದ್ವೀಪದ ಉಳಿದೆಡೆಯಲ್ಲಿ ಜುವೆರ್ನಿಕವು ಹರಡಿದ್ದರೆ, ಸಿನಾಪಿಸ್ ಆ ಕಲ್ಲುನೆಲವನ್ನೇ ಆಶ್ರಯಿಸಿದೆ. ಇವೆರಡೂ ಒಂದೇ ಎಂದು ಎಣಿಸಿದವನು ಬರೆನ್ನಿನ ಚಿಟ್ಟೆಗಳು ಪೂರಾ ಅಳಿದುಹೋದರೂ 'ಬೇರೆ ಕಡೆ ಬೇಕಾದಷ್ಟು ಇವೆ' ಎಂದು ನಿಶ್ಚಿಂತನಾಗಿ ಇದ್ದುಬಿಡುವನು. ಒಂದು ಜಾತಿಯು ದ್ವೀಪದಿಂದ ಕಣ್ಮರೆಯಾದ ಸುದ್ದಿಯು ಯಾರಿಗೂ ತಿಳಿಯುವುದಿಲ್ಲ.

ಇಂಥ ಅಜ್ಞಾನದ ಬೆಲೆಯನ್ನು ನೆರೆಯ ಇಂಗ್ಲೆಂಡ್ ತೆತ್ತಿದೆ. ಅಲ್ಲಿ ತೊಡಕು ಇದ್ದುದು ಚಿಟ್ಟೆಯಲ್ಲಲ್ಲ, ಇರುವೆಯಲ್ಲಿ. ಅಲ್ಲಿಯ ದೊಡ್ಡ ನೀಲಿಚಿಟ್ಟೆಯ ಮರಿಹುಳುವನ್ನು ಕೆಂಪಿರುವೆಗಳು ತಮ್ಮ ಗೂಡಿಗೆ ಹೊತ್ತುಕೊಂಡು ಹೋಗುತ್ತವೆ. ಅಲ್ಲಿ ಅದು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಕೆಂಪಿರುವೆ ಯಾವುದಾದರೂ ಆದೀತೆಂದು ಜನರು ತಿಳಿದಿದ್ದರು. ಬೇಲಿ ಹಾಕಿ ಕಾಪಾಡಿದರೂ ಚಿಟ್ಟೆಯು ಕ್ಷೀಣಿಸುತ್ತಲೇ ಹೋಯಿತು. ಜೆರೆಮಿ ಥಾಮಸ್ ಎಂಬವರು ಕುಳಿತು ನೋಡಿದಾಗ, ಒಂದನ್ನೊಂದು ಹೋಲುವ ಆ ಕೆಂಪಿರುವೆಗಳಲ್ಲಿ ಮಿರ್ಮಿಕ ಸಬುಲೇಟಿ ಎಂಬ ಒಂದೇ ಜಾತಿಯ ಗೂಡಿನಲ್ಲಿ ಮರಿಹುಳು ಚೆನ್ನಾಗಿ ಬದುಕುವುದೆಂದು ತಿಳಿಯಿತು. ಆ ಇರುವೆಗೆ ಬಿಸಿಲು ತಾಗುವ ಗಿಡ್ಡ ಹುಲ್ಲಿನ ನೆಲವೇ ಬೇಕು. ದನಕುರಿಗಳನ್ನು ಹೊರಗಿಟ್ಟದ್ದರಿಂದಲೂ, ಹುಲ್ಲು ಮೇಯುವ ಮೊಲಗಳು ರೋಗದಿಂದ ಸತ್ತದ್ದರಿಂದಲೂ ಹುಲ್ಲು ಎತ್ತರವಾಗಿ ಬೆಳೆದು, ನೆಲ ತಣ್ಣಗಾಗಿ, ಆ ಇರುವೆ ಹೋಗಿ ಅದರ ದಾಯಾದಿ ಇರುವೆ ಬಂದು ಸೇರಿತ್ತು. ಸತ್ಯವು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. 1979ರಲ್ಲಿ ಆ ಚಿಟ್ಟೆಯು ಬ್ರಿಟನ್ನಿನಿಂದ ನಿರ್ನಾಮವಾಯಿತು. 1983ರಿಂದ ಮುಂದೆ ಸ್ವೀಡನ್ನಿನಿಂದ ತಂದು ಬಿಟ್ಟ ಚಿಟ್ಟೆಗಳ ಸಂತತಿಯು ಈಗ ಅಲ್ಲಿ ಹಾರಾಡುತ್ತಿದೆ. ಬೇಲಿಯು ಕೊಂದುದನ್ನು ಲಕ್ಷಣಜ್ಞಾನವು ಮರಳಿ ತಂದಿತು.

ಹಾಗೆಂದು ವಂಶವಾಹಿಯ ಮಾತನ್ನು ವೇದವಾಕ್ಯವೆಂದು ನಂಬತಕ್ಕದ್ದಲ್ಲ. ಮಧ್ಯ ಅಮೆರಿಕದ ಕೋಸ್ಟರೀಕ ದೇಶದ ಗ್ವಾನಕಾಸ್ತೆ ಅರಣ್ಯದಲ್ಲಿ ಡೇನಿಯಲ್ ಜಾನ್‌ಜೆನ್ ಮತ್ತು ವಿನಿಫ್ರೆಡ್ ಹಾಲ್‌ವಾಕ್ಸ್ ದಂಪತಿಗಳು ಇಪ್ಪತ್ತೈದು ವರ್ಷ ಮರಿಹುಳುಗಳನ್ನು ಸಾಕಿ, ಯಾವ ಹುಳು ಯಾವ ಗಿಡವನ್ನು ತಿನ್ನುವುದೆಂದು ಬರೆದಿಟ್ಟಿದ್ದರು. 1775ರಿಂದ ಒಂದೇ ಜಾತಿಯೆಂದು ಹೆಸರಾಗಿದ್ದ ಆಸ್ಟ್ರಾಪ್ಟಿಸ್ ಎಂಬ ಚಿಟ್ಟೆಯ ಮರಿಹುಳುಗಳಲ್ಲಿ ಮಾತ್ರ ಬಣ್ಣವೂ ಬೇರೆ, ತಿನ್ನುವ ಗಿಡವೂ ಬೇರೆ. ಹೊರಬಂದ ಚಿಟ್ಟೆಗಳೋ ಒಂದರಂತೆ ಒಂದು. ಹೆಬರ್ಟರೊಡನೆ ಸೇರಿ ಆ 650 ಅಕ್ಷರಗಳನ್ನು ಓದಿ, ಇಲ್ಲಿ ಕಡಮೆಯೆಂದರೆ ಹತ್ತು ಜಾತಿಗಳಿವೆಯೆಂದು 2004ರಲ್ಲಿ ಅವರು ಸಾರಿದರು. 2006ರಲ್ಲಿ ಆಂಡ್ರೂ ಬ್ರೋವರ್ ಎಂಬವರು ಅದೇ ಅಕ್ಷರಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಇವುಗಳಿಂದ ಮೂರಕ್ಕೆ ಕಡಮೆಯಿಲ್ಲ, ಏಳಕ್ಕೆ ಹೆಚ್ಚಿಲ್ಲ, ಹತ್ತು ಎಂಬುದು ಸಿದ್ಧವಾಗದು ಎಂದು ವಾದಿಸಿದರು. ವಿನೋದವೇನೆಂದರೆ, ಹೆಸರಿಲ್ಲದೆ ಉಳಿದಿದ್ದ ಆ ಹತ್ತಕ್ಕೂ 2010ರಲ್ಲಿ ವಿಧಿವತ್ತಾಗಿ ಹೆಸರಿಟ್ಟವರೂ ಇದೇ ಬ್ರೋವರ್! ಪೂರ್ವಪಕ್ಷದವನೇ ನಾಮಕರಣದ ಪೌರೋಹಿತ್ಯವನ್ನೂ ವಹಿಸಿದ ಪ್ರಸಂಗವು ಶಾಸ್ತ್ರದ ಇತಿಹಾಸದಲ್ಲಿ ಅಪರೂಪವಾದುದು.

ಒಂದೇ ಪ್ರಕರಣವನ್ನು ಓದಿ ಇಡೀ ಗ್ರಂಥದ ಶಾಖೆಯನ್ನು ಹೇಳುವುದರಲ್ಲಿ ಅಪಾಯವಿದೆ. ಓಲೆಗರಿಯ ಲಿಪಿಕಾರನು ತನ್ನ ಮೂಲದಲ್ಲಿ ಹುಳು ತಿಂದ ಒಂದು ಭಾಗವನ್ನು ಬೇರೆ ಶಾಖೆಯ ಪ್ರತಿಯಿಂದ ತಂದು ತುಂಬಿದ್ದರೆ, ಆ ಭಾಗವನ್ನು ಮಾತ್ರ ಓದಿದವನು ಮೋಸಹೋಗುವನು. ಚಿಟ್ಟೆಗಳಲ್ಲಿಯೂ ಇದು ನಡೆಯುತ್ತದೆ. ಬಾರ್‌ಕೋಡಿನ ಅಕ್ಷರಗಳಿರುವುದು ಜೀವಕಣದ ಮೈಟೊಕಾಂಡ್ರಿಯ ಎಂಬ ಅಂಗದಲ್ಲಿ. ಅದು ತಾಯಿಯಿಂದ ಮಾತ್ರ ಬರುವಂಥದು. ಎಂದೋ ಒಮ್ಮೆ ಎರಡು ಜಾತಿಗಳ ನಡುವೆ ಸಂಕರವಾಗಿದ್ದರೆ ಒಂದರ ಮೈಟೊಕಾಂಡ್ರಿಯವು ಇನ್ನೊಂದರಲ್ಲಿ ಉಳಿದುಬಿಡಬಹುದು. ವೋಲ್ಬಾಕಿಯ ಎಂಬ ಸೂಕ್ಷ್ಮಜೀವಿಯೊಂದು ಕೀಟಗಳ ಕಣಗಳಲ್ಲಿ ಮನೆಮಾಡಿಕೊಂಡು ತಾಯಿಯಿಂದ ಮರಿಗೆ ಸಾಗುತ್ತದೆ. ಅದು ಕುಲದಲ್ಲೆಲ್ಲ ಹರಡುವಾಗ ಜೊತೆಯಲ್ಲಿರುವ ಮೈಟೊಕಾಂಡ್ರಿಯವನ್ನೂ ಹರಡಿ, ಓದುವವನ ಲೆಕ್ಕವನ್ನು ತಪ್ಪಿಸುತ್ತದೆ. ವರ್ಣತಂತುಗಳ ಎಣಿಕೆಯೂ ಅಷ್ಟೆ. ಸಿನಾಪಿಸ್ ಚಿಟ್ಟೆಯಲ್ಲಿ ಸ್ಪೇನಿನ ಕಡೆ ಅವು 106. ಪೂರ್ವಕ್ಕೆ ಹೋದಂತೆಲ್ಲ ಇಳಿಯುತ್ತ ಕಜಾಕಸ್ತಾನದಲ್ಲಿ 56. ಅರ್ಧಕ್ಕರ್ಧ ಭೇದ! ಇವು ಎರಡು ಜಾತಿಗಳೆಂದು ಯಾರಾದರೂ ಹೇಳಿಯಾರು. ಆದರೆ ಎರಡು ಕೊನೆಗಳ ಚಿಟ್ಟೆಗಳನ್ನು ಕೂಡಿಸಿ ನೋಡಿದಾಗ ಸಂಕರದ ಮಕ್ಕಳು ಬಂಜೆಯಾಗದೆ ತಾವೂ ಸಂತಾನವನ್ನು ಪಡೆದುವು.

ಹಳೆಯ ಮಾರ್ಗವನ್ನೂ ಹೀಗಳೆಯುವಂತಿಲ್ಲ. ರಷ್ಯದಿಂದ ದೇಶಭ್ರಷ್ಟರಾಗಿ ಬಂದು ಮುಂದೆ ಕಾದಂಬರಿಕಾರರೆಂದು ಲೋಕಪ್ರಸಿದ್ಧರಾದ ವ್ಲದೀಮಿರ್ ನಬೊಕೊವ್ 1940ರ ದಶಕದಲ್ಲಿ ಅಮೆರಿಕದ ಹಾರ್ವರ್ಡಿನ ಸಂಗ್ರಹಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ನೀಲಿಚಿಟ್ಟೆಗಳ ಜನನಾಂಗಗಳನ್ನು ಪರೀಕ್ಷಿಸುತ್ತಿದ್ದರು. ದಕ್ಷಿಣ ಅಮೆರಿಕದ ನೀಲಿಚಿಟ್ಟೆಗಳ ಪೂರ್ವಜರು ಏಷ್ಯದಿಂದ ಬೇರಿಂಗ್ ಜಲಸಂಧಿಯ ದಾರಿಯಾಗಿ ಐದು ಸಲ ತಂಡ ತಂಡವಾಗಿ ಬಂದವೆಂದು ಅವರು 1945ರಲ್ಲಿ ಊಹಿಸಿದರು. ಆಗ ಅದನ್ನು ಗಣನೆಗೆ ತಂದವರು ವಿರಳ. ವಂಶವಾಹಿಗಳನ್ನು ಓದಿದ ಪಂಡಿತರು 2011ರಲ್ಲಿ ಆ ಐದು ತಂಡಗಳನ್ನೂ ನಿಜವೆಂದು ಒಪ್ಪಿದರು. ನಬೊಕೊವ್ ತೀರಿಕೊಂಡು ಆಗಲೇ ಮೂವತ್ತನಾಲ್ಕು ವರ್ಷಗಳು ಸಂದಿದ್ದುವು.

ಒಂದೇ ರೂಪದೊಳಗೆ ಹಲವು ಜಾತಿಗಳು ಅಡಗಿರುವ ಕಥೆಯಾಯಿತು. ಹಲವು ರೂಪಗಳಲ್ಲಿ ಒಂದೇ ಜಾತಿಯು ಅಡಗಿರುವುದನ್ನು ನೋಡಲು ಕನ್ನಡ ನಾಡಿನ ಹಿತ್ತಿಲಿಗೆ ಹೋದರೆ ಸಾಕು. ನಿಂಬೆಯ ಗಿಡದಲ್ಲಿಯೂ ಕರಿಬೇವಿನಲ್ಲಿಯೂ ಮೊಟ್ಟೆಯಿಡುವ ಪಪಿಲಿಯೊ ಪಾಲಿಟಿಸ್ ಎಂಬ ಕಪ್ಪು ಚಿಟ್ಟೆಯೊಂದುಂಟು. ಗಂಡಿಗೆ ಒಂದೇ ವೇಷ: ಕಪ್ಪು ರೆಕ್ಕೆ, ಹಿಂದೆ ಬಿಳಿಯ ಚುಕ್ಕೆಗಳ ಸಾಲು. ಹೆಣ್ಣಿಗೆ ಮೂರು. ಒಂದು ಗಂಡಿನಂತೆಯೇ ಇರುವುದು. ಉಳಿದೆರಡು, ಹಕ್ಕಿಗಳು ಬಾಯಿಗೆ ಹಾಕಿಕೊಳ್ಳಲು ಹೇಸುವ ಬೇರೆ ಎರಡು ಕೆಂಪುಮೈಯ ಚಿಟ್ಟೆಗಳ ವೇಷವನ್ನು ತೊಟ್ಟಿರುವುವು. ಹಿಂದಿನ ಪಂಡಿತರು ಇವನ್ನು ಬೇರೆ ಬೇರೆ ಜಾತಿಗಳೆಂದೇ ಹೆಸರಿಟ್ಟಿದ್ದರು. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ, ನೋಡಿದ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಆಲ್ಫ್ರೆಡ್ ವಾಲೆಸನು 1865ರಲ್ಲಿ ಇವೆಲ್ಲ ಒಂದೇ ಜಾತಿಯ ಹೆಣ್ಣುಗಳೆಂದು ಸಾಧಿಸಿದನು. ಫ್ರಯರ್ ಎಂಬವರು ಸಿಂಹಳದಲ್ಲಿ ಅವನ್ನು ಸಾಕಿ, ವೇಷವು ಮೆಂಡೆಲನ ಆನುವಂಶಿಕ ನಿಯಮದಂತೆ ಮಗಳಿಗೆ ಬರುವುದೆಂದು 1913ರಲ್ಲಿ ತೋರಿಸಿದರು. ಈ ವೇಷವನ್ನೆಲ್ಲ ಆಳುವುದು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ, ಕೀಟಗಳಲ್ಲಿ ಗಂಡುಮೈ ಹೆಣ್ಣುಮೈಗಳ ಭೇದವನ್ನು ಮಾಡುವ ವಂಶವಾಹಿಯೇ ಅದು ಎಂದು 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಅವರ ಸಂಗಡಿಗರೂ ಪ್ರಕಟಿಸಿದರು.

ಮಳೆಗಾಲದಲ್ಲಿ ಕರಿಬೇವಿನ ಚಿಗುರನ್ನು ತಿನ್ನುತ್ತಿರುವ ಹಸುರು ಹುಳುಗಳನ್ನು ಗೃಹಿಣಿಯರು ಬೈದುಕೊಳ್ಳುತ್ತ ಕಿತ್ತೆಸೆಯುವುದುಂಟು. ಅವುಗಳಲ್ಲಿ ಕೆಲವನ್ನು ಎಲೆಯ ಸಮೇತ ಬುಟ್ಟಿಯಲ್ಲಿಟ್ಟು ತೆಳುವಾದ ಬಟ್ಟೆಯನ್ನು ಮುಚ್ಚಿ, ದಿನವೂ ಹೊಸ ಚಿಗುರನ್ನು ಹಾಕುತ್ತಿದ್ದರೆ ಅವು ಕೋಶ ಕಟ್ಟುವುವು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಒಬ್ಬಳೇ ತಾಯಿಯ ಹೆಣ್ಣುಮಕ್ಕಳು ಎರಡು ಬೇರೆ ವೇಷಗಳಲ್ಲಿ ಅಕ್ಕಪಕ್ಕದಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತ ಕುಳಿತಿರುವುದನ್ನು ಮನೆಯ ಮಕ್ಕಳು ನೋಡಬಹುದು.